ತುಮರಿಗೆ ಬಾಡಿಗೆ ಎಷ್ಟು?

ಶಿವಮೊಗ್ಗದ ಸೋಗಾನೆಗೆ ವಿಮಾನ ಬಂತು. ಶರಾವತಿ ಹಿನ್ನೀರಿಗೆ ಸೇತುವೆ ಬಂತು. ಬೆಂಗಳೂರಿನಲ್ಲಿ ತಿಂಡಿ ತಿಂದು ಹೊರಟವರು ಕತ್ತಲಾಗುವ ಮುಂಚೆ ತುಮರಿಯ ಅಂಗಳದಲ್ಲಿ ಇಳಿಯಬಹುದು. ಆದರೆ ನಿಲ್ದಾಣದಿಂದ ಮನೆವರೆಗಿನ ಕಾರಿನ ಬಾಡಿಗೆ ಮಾತ್ರ ಇನ್ನೂ ಬಾಯಿಮಾತಿನ ವ್ಯವಹಾರ.

ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಸಂಜೆ ಏಳು ಗಂಟೆ. ಅಂಬಾರಗೋಡ್ಲು ಕಡೆಯಿಂದ ಹಳದಿ ಬೋರ್ಡಿನ ಕಾರೊಂದು ಸೇತುವೆ ಏರುತ್ತದೆ. ಕೆಳಗೆ ಹಿನ್ನೀರು ತುಂಬಿ ನಿಂತಿದೆ. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಗು ನಿದ್ದೆ ಹೋಗಿದೆ. ಮುಂದೆ ಕೂತವನು ಬೆಳಿಗ್ಗೆ ಬೆಂಗಳೂರಿನ ಮನೆಯಿಂದ ಹೊರಟು, ವಿಮಾನದಲ್ಲಿ ಸೋಗಾನೆಗೆ ಬಂದು, ಶಿವಮೊಗ್ಗದಲ್ಲಿ ಹಬ್ಬದ ಬಟ್ಟೆ, ಸಾಗರದಲ್ಲಿ ಹೂವು-ಹಣ್ಣು ಮುಗಿಸಿಕೊಂಡು ಊರಿಗೆ ಹೊರಟಿದ್ದಾನೆ. ಸೇತುವೆಯಾದ ಮೇಲಿನ ಮೊದಲ ದೀಪಾವಳಿ ಇದು.

ಹಿಂದೆಲ್ಲ ಇಷ್ಟು ಹೊತ್ತಾಗಿದ್ದರೆ ಕಥೆಯೇ ಬೇರೆ ಇತ್ತು. ನೀರು ದಾಟಿಸುವ ಸಂಜೆಯ ಕೊನೇ ಲಾಂಚ್ ತಪ್ಪಿತೆಂದರೆ ಈಚೆ ದಡದಲ್ಲೇ ರಾತ್ರಿ ಕಳೆಯಬೇಕು, ಇಲ್ಲವೇ ಹೊಸನಗರದ ಕಡೆಯಿಂದ ಎಂಬತ್ತು ಕಿಲೋಮೀಟರಿನ ಸುತ್ತು ಹೊಡೆಯಬೇಕು. ಬಾಡಿಗೆ ಕಾರಿನವರು ಹೊಳೆಬಾಗಿಲಲ್ಲೇ ಇಳಿಸಿ ಹಿಂದಿರುಗುತ್ತಿದ್ದರು. ಆಚೆ ದಡದ ಕಳಸವಳ್ಳಿಗೆ ಮನೆಯವರು ಯಾರಾದರೂ ಬೈಕ್ ತರಬೇಕಿತ್ತು.

ಈಗ ಕಾರು ಮನೆಯ ಅಂಗಳಕ್ಕೇ ಬರುತ್ತದೆ. ಡ್ರೈವರ್ ಒಳಗಿನ ದೀಪ ಹಾಕಿ, ಮೀಟರ್ ಬೋರ್ಡಿನಲ್ಲಿ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಎಂದು ಬಗ್ಗಿ ನೋಡುತ್ತಾನೆ. ಸನ್‌ವೈಸರ್‌ಗೆ ಸಿಕ್ಕಿಸಿದ್ದ ಟ್ರಿಪ್ ಶೀಟ್ ತೆಗೆದು ಸ್ಟಾರ್ಟಿಂಗ್ ಕಿಲೋಮೀಟರ್ ಕೆಳಗೆ ಕ್ಲೋಸಿಂಗ್ ಕಿಲೋಮೀಟರ್ ಬರೆಯುತ್ತಾನೆ. ವೇಟಿಂಗ್ ಎಂಬ ಸಾಲಿನ ಮುಂದೆ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಜಗಲಿಯಿಂದ ದೊಡ್ಡಪ್ಪನ ಮೊದಲ ಮಾತು ಪ್ರಯಾಣ ಹೇಗಾಯ್ತು ಎಂದಲ್ಲ.

“ಎಷ್ಟು ತಗಂಡ್ರು ಮಾರಾಯ ಬಾಡ್ಗೆ?”

ಕುತೂಹಲದಿಂದ ಬಂದ ಪ್ರಶ್ನೆಯಲ್ಲ ಇದು. ನಾಳೆ ಇನ್ನೊಂದು ಮನೆಯ ಮಗಳು ಬರುವವಳಿದ್ದಾಳೆ. ಈ ಮನೆಯವರು ಕೊಟ್ಟ ಮೊತ್ತವೇ ಅವಳಿಗೆ ದರಪಟ್ಟಿ. ತುಮರಿ ಇರುವ ಈ ಕರೂರು ಸೀಮೆಯಲ್ಲಿ ಟ್ಯಾಕ್ಸಿ ಮೀಟರ್ ಎಂದರೆ ಸದ್ಯಕ್ಕೆ ಇಷ್ಟೇ: ಮೊನ್ನೆ ಯಾರೋ ಕೊಟ್ಟ ದುಡ್ಡಿನ ನೆನಪು.

ಎರಡು ಉದ್ಘಾಟನೆಗಳ ನಡುವೆ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದು ನಿಂತಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮುಳುಗದೆ ಉಳಿದ ತುಮರಿಯ ಆಸುಪಾಸಿನ ಹಳ್ಳಿಗಳು ಸಾಗರ ಪೇಟೆಯಿಂದ ಕಡಿದುಹೋದವು. ತಾಲ್ಲೂಕು ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ನೀರಿನ ಆಚೆ. ದಶಕಗಳ ಕಾಲ ಈ ಜನ ದಿನದ ಲೆಕ್ಕ ಹಾಕಿದ್ದು ಲಾಂಚಿನ ಸಮಯ ನೋಡಿಕೊಂಡು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿನಲ್ಲಿ ವಾಹನ ಸಾಗಿಸುವುದು ನಿಲ್ಲುತ್ತಿತ್ತು. ರಜೆಯ ದಿನ ಸಿಗಂದೂರು ಚೌಡೇಶ್ವರಿಯ ಭಕ್ತರ ಕಾರುಗಳ ಸಾಲಿನಲ್ಲಿ ಊರಿನವರೂ ಗಂಟೆಗಟ್ಟಲೆ ಕಾಯುತ್ತಿದ್ದರು.

ಸೇತುವೆ ಬೇಕೆಂದು ಊರವರು ಮಾಡಿದ ಹೋರಾಟಕ್ಕೆ ಒಂದು ತಲೆಮಾರಿಗೂ ಮೀರಿದ ವಯಸ್ಸು. 2018ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಸಿಗಂದೂರು ಸೇತುವೆಯನ್ನು ಉದ್ಘಾಟಿಸಿದರು.

ಅದಕ್ಕೆ ಎರಡು ವರ್ಷ ಮೊದಲೇ ಶಿವಮೊಗ್ಗ ಹೊರವಲಯದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದಿತ್ತು. ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದ್ದು 2023ರ ಫೆಬ್ರುವರಿ 27ರಂದು, ಬಿ.ಎಸ್. ಯಡಿಯೂರಪ್ಪನವರ ಎಂಬತ್ತನೇ ಹುಟ್ಟುಹಬ್ಬದ ದಿನ. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು.

ಎರಡೂ ದೊಡ್ಡ ಕೆಲಸಗಳು. ಎರಡರ ನಡುವೆ ಉಳಿದಿರುವುದು ರಸ್ತೆ. ಸೋಗಾನೆಯಿಂದ ಶಿವಮೊಗ್ಗ ಪೇಟೆ, ಆಯನೂರು, ಆನಂದಪುರ, ಸಾಗರ, ಅಂಬಾರಗೋಡ್ಲು, ಸೇತುವೆ, ತುಮರಿ. ಸುಮಾರು 120 ಕಿಲೋಮೀಟರ್. ಆ ದಾರಿಯ ಬಾಡಿಗೆಯನ್ನು ಯಾವ ಸಮಾರಂಭದಲ್ಲೂ ಯಾರೂ ಉದ್ಘಾಟಿಸಲಿಲ್ಲ.

> ಅಂಕಿಗಳಲ್ಲಿ
> ಸಿಗಂದೂರು ಸೇತುವೆ: ಉದ್ದ 2.44 ಕಿ.ಮೀ., ಕೇಬಲ್ ಆಧಾರಿತ. ವೆಚ್ಚ ಸುಮಾರು ₹473 ಕೋಟಿ. ರಾಷ್ಟ್ರೀಯ ಹೆದ್ದಾರಿ 369ಇ.
> ಶಿವಮೊಗ್ಗ ವಿಮಾನ ನಿಲ್ದಾಣ: ರನ್‌ವೇ 3,200 ಮೀಟರ್. ವೆಚ್ಚ ಸುಮಾರು ₹450 ಕೋಟಿ. ಟರ್ಮಿನಲ್ ಕಟ್ಟಡ ಕಮಲದ ಆಕಾರದ್ದು.

ದೇವನಹಳ್ಳಿ ಕಲಿಸಿದ ಪಾಠ

ಪೇಟೆಯಿಂದ ದೂರದ ನಿಲ್ದಾಣ, ನಡುವೆ ಬಾಡಿಗೆಯ ತಲೆನೋವು. ಬೆಂಗಳೂರು ಇದನ್ನು 2008ರಲ್ಲಿ ಅನುಭವಿಸಿತು. ಅಲ್ಲಿಯವರೆಗೆ ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. ಇಳಿದವರು ಆಟೊ ಹಿಡಿದರೂ ಮನೆ ಸೇರಬಹುದಿತ್ತು. ಆ ವರ್ಷದ ಮೇ 24ರಿಂದ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಮೆಜೆಸ್ಟಿಕ್‌ನಿಂದ ಹೆಚ್ಚುಕಡಿಮೆ 35 ಕಿಲೋಮೀಟರ್. ನಿಲ್ದಾಣದ ಬಾಗಿಲಿಗೆ ಆಟೊ ಬಿಡುವುದಿಲ್ಲ. ನಡುರಾತ್ರಿ ಇಳಿದ ಹೆಂಗಸೊಬ್ಬಳು ಯಾವ ಕಾರು ಹತ್ತಬೇಕು, ಎಷ್ಟು ಕೊಡಬೇಕು?

ಆಗ ಬೆಂಗಳೂರಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಮೀಟರ್ ಟ್ಯಾಕ್ಸಿ. ಮೇರು, ಈಸಿ ಕ್ಯಾಬ್ಸ್ ಹೆಸರಿನ ಕಾರುಗಳ ಸಾಲು. ಡ್ಯಾಶ್‌ಬೋರ್ಡಿನ ಮೇಲೆ ಅಂಕಿ ಮಿನುಗುವ ಡಬ್ಬಿ, ಇಳಿಯುವಾಗ ಕೈಗೆ ರಸೀದಿ. ಮೊತ್ತ ಕಡಿಮೆಯೇನೂ ಇರಲಿಲ್ಲ. ಆದರೆ ಊರಿಗೆ ಹೊಸಬನೂ ಹಳಬನೂ ಒಂದೇ ದರ ಕೊಡುತ್ತಿದ್ದರು. ಅಷ್ಟು ದುಡ್ಡು ಬೇಡ ಎಂದವರಿಗೆ ಬಿಎಂಟಿಸಿಯ ವಾಯುವಜ್ರ ಬಸ್ ಇತ್ತು, ಈಗಲೂ ಇದೆ.

2013ರಲ್ಲಿ ಊಬರ್ ಭಾರತಕ್ಕೆ ಕಾಲಿಟ್ಟಿದ್ದೂ ಬೆಂಗಳೂರಿನಿಂದಲೇ. ಓಲಾ ಜೊತೆಗಿತ್ತು. ಡ್ಯಾಶ್‌ಬೋರ್ಡಿನ ಡಬ್ಬಿ ಹೋಗಿ ಮೊಬೈಲ್ ಬಂತು. ಹತ್ತುವ ಮೊದಲೇ ಮೊತ್ತ ಕಾಣುತ್ತದೆ ಎಂದು ಜನ ಖುಷಿಪಟ್ಟರು. ಆಮೇಲೆ ಗೊತ್ತಾದದ್ದು ಆ ಮೊತ್ತ ಗಂಟೆಗೊಂದು ಬಣ್ಣ ತಾಳುತ್ತದೆ ಎಂದು. ಮಳೆ ಬಂದರೆ ಏರಿತು, ಹಬ್ಬ ಬಂದರೆ ಏರಿತು. ಮೀಟರಿನ ಮುಖ್ಯ ಗುಣವೇ ಅಲ್ಲಿ ಕೈಬಿಟ್ಟುಹೋಯಿತು: ಒಂದೇ ದಾರಿಗೆ ಎಲ್ಲರಿಗೂ ಒಂದೇ ದರ.

ಈ ಗೊಂದಲಕ್ಕೆ ಕಡಿವಾಣ ಹಾಕಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆ್ಯಪ್ ಟ್ಯಾಕ್ಸಿ ಮತ್ತು ಸಿಟಿ ಟ್ಯಾಕ್ಸಿಗಳಿಗೆ ಏಕರೂಪದ ದರ ಗೊತ್ತುಮಾಡಿತು. ಆ ಪ್ರಕಾರ ಹತ್ತು ಲಕ್ಷದ ಒಳಗಿನ ಕಾರಿನಲ್ಲಿ 35 ಕಿಲೋಮೀಟರ್ ಹೋದರೆ ₹844. ಮೇಲೆ ಜಿಎಸ್‌ಟಿ, ಟೋಲ್. ಯಾರು ಬೇಕಾದರೂ ಬಸ್ ಟಿಕೆಟಿನ ಹಿಂಬದಿಯಲ್ಲಿ ಬರೆದು ಕೂಡಿಸಿ ನೋಡಬಹುದು. ಜನಸಾಮಾನ್ಯನಿಗೆ ಬೇಕಿರುವುದು ಇಂಥ ಲೆಕ್ಕ.

> ಸರ್ಕಾರಿ ದರ (2024ರ ಜನವರಿ)
> ಕಾರಿನ ಬೆಲೆ ₹10 ಲಕ್ಷದೊಳಗೆ: ಮೊದಲ 4 ಕಿ.ಮೀ.ಗೆ ₹100, ನಂತರ ಕಿ.ಮೀ.ಗೆ ₹24.
> ₹10ರಿಂದ 15 ಲಕ್ಷ: ₹115, ನಂತರ ₹28.
> ₹15 ಲಕ್ಷಕ್ಕಿಂತ ಮೇಲೆ: ₹130, ನಂತರ ₹32.
> ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. ಕಾಯುವಿಕೆ ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ ₹1. ಲಗೇಜು 120 ಕೆ.ಜಿ.ವರೆಗೆ ಉಚಿತ.

ಡಬ್ಬಿಯೊಳಗೆ ಏನಿದೆ?

ಮೀಟರನ್ನು ಬಯ್ಯದವರಿಲ್ಲ, ಬಿಟ್ಟು ಬದುಕಿದವರೂ ಇಲ್ಲ. ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ಗುಸ್ಟಾವ್ ಬ್ರೂನ್ ಅದನ್ನು ರೂಪಿಸಿದ್ದು 1891ರಲ್ಲಿ, ಇನ್ನೂ ಕುದುರೆ ಗಾಡಿಗಳ ಕಾಲದಲ್ಲಿ. ಮೀಟರ್ ಕೂರಿಸಿದ ಡೈಮ್ಲರ್ ಕಾರು ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆಗೆ ಓಡಿದ್ದು 1897ರಲ್ಲಿ.

ಒಳಗಿನ ಕೆಲಸ ಸರಳ. ಚಕ್ರ ತಿರುಗಿದಂತೆಲ್ಲ ಮೀಟರಿಗೆ ಒಂದೊಂದು ಮಿಡಿತ ಹೋಗುತ್ತದೆ. ಇಷ್ಟು ಮಿಡಿತ ಸೇರಿದರೆ ಒಂದು ಕಿಲೋಮೀಟರ್ ಎಂದು ಮೊದಲೇ ಹೊಂದಿಸಿಟ್ಟಿರುತ್ತಾರೆ. ಗಾಡಿ ನಿಂತರೆ, ತೆವಳಿದರೆ, ಗಡಿಯಾರ ಲೆಕ್ಕ ಹಿಡಿಯುತ್ತದೆ. ದೂರದ ಲೆಕ್ಕ ಚಕ್ರದ ಸುತ್ತಿನದಾದ್ದರಿಂದ ಟೈರಿನ ಅಳತೆ ಬದಲಾದರೂ ಅದು ತಪ್ಪುತ್ತದೆ.

ಅದಕ್ಕೇ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅವಧಿಗೊಮ್ಮೆ ಮೀಟರ್ ಪರೀಕ್ಷಿಸಿ ಸೀಲು ಹಾಕಬೇಕು. ಆಟೊದಲ್ಲಿ ಕೂತಾಗ ಮೀಟರಿನ ಪಕ್ಕ ತೆಳ್ಳನೆಯ ತಂತಿ, ಅದರ ತುದಿಗೆ ಒತ್ತಿದ ಪುಟ್ಟ ಸೀಸದ ಬಿಲ್ಲೆ ಕಂಡರೆ ಅದೇ ಸೀಲು. ಕಿರಾಣಿ ಅಂಗಡಿಯ ತಕ್ಕಡಿ, ಅಡಿಕೆ ಮಂಡಿಯ ತೂಕದ ಯಂತ್ರ, ಪೆಟ್ರೋಲ್ ಬಂಕಿನ ಪಂಪು ಎಲ್ಲಕ್ಕೂ ಮುದ್ರೆ ಒತ್ತುವ ಇಲಾಖೆಯೇ ಇದಕ್ಕೂ ಒತ್ತುತ್ತದೆ. ಅಡಿಕೆಯ ತೂಕದಲ್ಲಿ ನೂರು ಗ್ರಾಂ ವ್ಯತ್ಯಾಸವಾದರೆ ಮಂಡಿಯಲ್ಲಿ ದನಿ ಎತ್ತುವ ನಾವು, ದಾರಿಯ ಅಳತೆಯನ್ನು ಮಾತ್ರ ಎದುರಿನವರ ಅಂದಾಜಿಗೆ ಬಿಟ್ಟಿದ್ದೇವೆ.

ಅಪ್ ಅಂಡ್ ಡೌನ್

ಮಲೆನಾಡಿನ ಕಾರು ಬಾಡಿಗೆಗೆ ಅದರದೇ ವ್ಯಾಕರಣವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲಿ ಬೇಕಾದರೂ ಸ್ಟ್ಯಾಂಡಿಗೆ ಹೋಗಿ ಕೇಳಿ. ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಮಿನಿಮಮ್ 250 ಅಥವಾ 300 ಕಿಲೋಮೀಟರ್, ಡ್ರೈವರ್ ಬಾಟಾ ಬೇರೆ, ಟೋಲ್-ಪಾರ್ಕಿಂಗ್ ಪಾರ್ಟಿಯದ್ದು. ಬಿಡಲು ಮಾತ್ರ ಬರುವುದಾದರೂ ಅಪ್ ಅಂಡ್ ಡೌನ್ ಕೊಡಬೇಕು. ಕೆಲವರು ಗ್ಯಾರೇಜಿನಿಂದ ಗ್ಯಾರೇಜಿಗೆ ಲೆಕ್ಕ ಹಿಡಿಯುತ್ತಾರೆ. ಎಂದರೆ ಕಾರು ಅವರ ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ.

ಇದನ್ನು ಸುಲಿಗೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಸೋಗಾನೆಯಿಂದ ತುಮರಿಗೆ ಬಂದ ಡ್ರೈವರ್‌ಗೆ ಸೇತುವೆ ತುದಿಯಲ್ಲಿ ವಾಪಸ್ ಗಿರಾಕಿ ಕಾಯುತ್ತ ನಿಂತಿರುವುದಿಲ್ಲ. ನೂರಿಪ್ಪತ್ತು ಕಿಲೋಮೀಟರ್ ಖಾಲಿ ಓಡಬೇಕು. ಮಳೆಗಾಲದಲ್ಲಿ ಗುಂಡಿ, ರಾತ್ರಿ ಕಾಡು, ತಿಂಗಳಾದರೆ ಸಾಲದ ಕಂತು, ವರ್ಷವಾದರೆ ಇನ್ಶೂರೆನ್ಸ್, ಎಫ್‌ಸಿ. ಊರಿನ ಹುಡುಗರೇ ಸಾಲ ಮಾಡಿ ಕಾರು ಕೊಂಡು ಈ ಬದುಕು ಕಟ್ಟಿಕೊಂಡಿದ್ದಾರೆ. ಹೆರಿಗೆ ನೋವು ಬಂದಾಗ ಮನೆ ಬಾಗಿಲಿಗೆ ಬರುವವರೂ ಅವರೇ. ಖಾಲಿ ಬರುವ ದಾರಿಗೂ ದುಡ್ಡು ಸಿಗಬೇಕು. ಅದು ಎಷ್ಟು ಎಂಬುದು ಮಾತ್ರ ಮೊದಲೇ ಬರೆದಿರಬೇಕು.

ಲೆಕ್ಕ ಹಾಕಿಯೇ ನೋಡೋಣ. ನಗರದ ಟ್ಯಾಕ್ಸಿಗೆ ಸರ್ಕಾರ ಕೊಟ್ಟ ದರವನ್ನೇ ಅಳತೆಗೋಲು ಎಂದುಕೊಂಡರೆ, ಚಿಕ್ಕ ಕಾರಿಗೆ 120 ಕಿಲೋಮೀಟರಿಗೆ ₹2,884. ಖಾಲಿ ವಾಪಸ್ ದಾರಿಯನ್ನೂ ಕಿಲೋಮೀಟರಿಗೆ ₹24ರಂತೆ ಪೂರ್ತಿ ಸೇರಿಸಿದರೆ ₹5,764. ಒಂದೇ ದಾರಿ, ಒಂದೇ ಕಾರು, ಎರಡು ಮೊತ್ತ. ವ್ಯತ್ಯಾಸ ₹2,880. ಚೌಕಾಸಿಯೆಲ್ಲ ನಡೆಯುವುದು ಈ ಅಂತರದೊಳಗೆ. ಬಲ್ಲವನು ಕೆಳಗಿನ ತುದಿಗೆ ಎಳೆಯುತ್ತಾನೆ. ಅವಸರದಲ್ಲಿದ್ದವನು, ಹೊಸಬ, ಒಂಟಿ ಹೆಂಗಸು, ಆಸ್ಪತ್ರೆಯ ಸುದ್ದಿ ಕೇಳಿ ಓಡಿಬಂದವರು ಮೇಲಿನ ತುದಿಗೆ ಒಪ್ಪುತ್ತಾರೆ. ಯಾರಿಗೆ ಕಷ್ಟ ಹೆಚ್ಚೋ ಅವರೇ ಹೆಚ್ಚು ಕೊಡುವ ಪದ್ಧತಿಗೆ ವ್ಯಾಪಾರ ಎಂಬ ಹೆಸರು ಸಲ್ಲದು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬೇಕು. ಸಣ್ಣ ಊರುಗಳಿಗೂ ವಿಮಾನ ಎಂದು ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಾಗ ಒಂದು ಗಂಟೆಯ ಹಾರಾಟಕ್ಕೆ ಇಟ್ಟ ಮಿತಿ ₹2,500. ಆಕಾಶದ ದಾರಿಗೆ ಮಿತಿ ಹಾಕಲು ಬಂದ ಸರ್ಕಾರಕ್ಕೆ ನೆಲದ ದಾರಿಗೂ ಮಿತಿ ಹಾಕಲು ಬರಬೇಕು. ತುಮರಿಯವನಿಗೆ ಆ ಟಿಕೆಟಿಗಿಂತ ಕಾರೇ ದುಬಾರಿ.

ವಿಮಾನ ಯಾರಿಗೆ?

ಹಳ್ಳಿಯವರಿಗೆ ವಿಮಾನದ ಮಾತೇಕೆ ಎನ್ನುವವರಿದ್ದಾರೆ. ನಿಜ, ತುಮರಿ, ಪಕ್ಕದ ಬ್ಯಾಕೋಡಿನ ಹೆಚ್ಚಿನ ಮಕ್ಕಳು ಊರಿಗೆ ಬರುವುದು ರಾತ್ರಿ ಬಸ್ಸಿನಲ್ಲಿ, ಇಲ್ಲವೇ ತಾಳಗುಪ್ಪ ರೈಲಿನಲ್ಲಿ ಸಾಗರದವರೆಗೆ. ಹಬ್ಬಕ್ಕೆ, ಅಡಿಕೆ ಕೊಯ್ಲಿಗೆ ಅದು ಸಾಕು.

ವಿಮಾನ ಬೇಕಾಗುವುದು ಬೆಳಿಗ್ಗೆ ಎಂಟಕ್ಕೆ ಬರುವ ಫೋನಿಗೆ. ಅಪ್ಪನಿಗೆ ಎದೆನೋವು, ಅಜ್ಜಿ ಇನ್ನಿಲ್ಲ. ಹಿಂದೆ ಇಂಥ ಕರೆ ಬಂದರೆ ಮಗ ಬೆಂಗಳೂರು ಬಿಟ್ಟು ಹೊಳೆಬಾಗಿಲು ತಲುಪುವಷ್ಟರಲ್ಲಿ ಲಾಂಚು ನಿಂತಿರುತ್ತಿತ್ತು. ಮುಖ ನೋಡಲು ಕಾಯಬೇಕೋ ಬೇಡವೋ ಎಂದು ಅಂಗಳದಲ್ಲಿ ಹಿರಿಯರು ತೀರ್ಮಾನಿಸಬೇಕಿತ್ತು. ಎಷ್ಟೋ ಮಕ್ಕಳು ಬೂದಿಯಾದ ಮೇಲೆ ಬಂದರು. ಈಗ ವಿಮಾನ, ಕಾರು, ಸೇತುವೆ ಮೂರೂ ಕೂಡಿದರೆ ಸಂಜೆಯೊಳಗೆ ಬರಬಹುದು. ಅಂಥ ದಿನ ನಿಲ್ದಾಣದ ಬಾಗಿಲಲ್ಲಿ ನಿಂತು ಐನೂರು ಹೆಚ್ಚು, ಐನೂರು ಕಡಿಮೆ ಎಂದು ಯಾರು ಮಾತಾಡುತ್ತಾರೆ? ಕೇಳಿದ್ದಕ್ಕೆ ತಲೆಯಾಡಿಸಿ ಹತ್ತುತ್ತಾರೆ.

ಮೊಬೈಲ್ ಇದೆಯಲ್ಲ, ಆ್ಯಪ್ ಇದೆಯಲ್ಲ ಎನ್ನಬಹುದು. ಸಾವಿರಾರು ಕಾರು ಒಂದೇ ಊರಲ್ಲಿ ಸುತ್ತುವ ಕಡೆ ಆ್ಯಪ್ ನಡೆಯುತ್ತದೆ. ನಮ್ಮಲ್ಲಿ ಅಷ್ಟು ಕಾರಿಲ್ಲ, ಅಷ್ಟು ಸಿಗ್ನಲ್ಲೂ ಇಲ್ಲ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗು ಎದ್ದದ್ದು ಇದೇ ಭಾಗದಲ್ಲಿ ಎಂಬುದನ್ನು ಮರೆಯುವಂತಿಲ್ಲ.

> ಹತ್ತುವ ಮೊದಲು
> ನಂಬರ್ ಪ್ಲೇಟ್ ನೋಡಿ. ಹಳದಿ ಬೋರ್ಡಾದರೆ ಬಾಡಿಗೆಯ ಪರ್ಮಿಟ್ ಇರುವ ಗಾಡಿ. ಬಿಳಿ ಬೋರ್ಡಿನ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವುದು ನಿಯಮಕ್ಕೆ ವಿರುದ್ಧ. ಅಪಘಾತವಾದರೆ ವಿಮೆಯ ಹಣಕ್ಕೆ ತೊಡಕಾಗಬಹುದು.
> ಒಂದು ಕಡೆಯ ಬಾಡಿಗೆಯೋ, ಅಪ್ ಅಂಡ್ ಡೌನೋ? ಬಾಟಾ, ವೇಟಿಂಗ್ ಸೇರಿದೆಯೋ ಇಲ್ಲವೋ? ಮೊದಲೇ ಕೇಳಿ.
> ಸ್ಟಾರ್ಟಿಂಗ್ ಕಿಲೋಮೀಟರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಲಾಂಚಿಗಿದ್ದ ಟಿಕೆಟ್

ಕರೂರು ಸೀಮೆಯವರಿಗೆ ಗೊತ್ತುಪಡಿಸಿದ ದರ ಹೊಸದಲ್ಲ. ಸರ್ಕಾರಿ ಲಾಂಚಿನಲ್ಲಿ ತಲೆಗಿಷ್ಟು, ಗಾಡಿಗಿಷ್ಟು ಎಂದು ಟಿಕೆಟ್ ಇತ್ತು. ಶಾಸಕರ ಕಾರಿಗೂ ಕೂಲಿಯವನ ಬೈಕಿಗೂ ಅವರವರ ದರ ಬರೆದಿತ್ತು. ಕಾದು ಕಾದು ಸಾಕಾಗುತ್ತಿತ್ತು, ಲಾಂಚ್ ಕೆಟ್ಟು ನಿಲ್ಲುತ್ತಿತ್ತು, ಅದರ ಮೇಲೆ ಸಿಟ್ಟು ಬಾರದವರಿಲ್ಲ. ಆದರೆ ದರಕ್ಕಾಗಿ ಜಗಳ ಇರಲಿಲ್ಲ. ಲಾಂಚಿನ ಜೊತೆಗಿದ್ದ ಕಷ್ಟ ಹೋಗಲಿ ಎಂದು ಹೋರಾಡಿದೆವು. ಜೊತೆಗಿದ್ದ ಆ ಒಳ್ಳೆಯ ರೂಢಿಯೂ ಹೋಗಬೇಕಿರಲಿಲ್ಲ.

ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಪ್ರೀಪೇಯ್ಡ್ ಟ್ಯಾಕ್ಸಿ ಕೌಂಟರ್ ಇದೆ. ಊರಿನ ಹೆಸರು ಹೇಳಿ ದುಡ್ಡು ಕಟ್ಟಿದರೆ ಚೀಟಿ ಕೊಡುತ್ತಾರೆ. ದೂರದ ಹಳ್ಳಿಗಳ ದಾರಿಗೆ ಮೀಟರಿಗಿಂತಲೂ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹಾಕದೆ ಬಿಡುವ ಮೀಟರಿಗಿಂತ ಬರೆದು ಕೊಟ್ಟ ಚೀಟಿ ಮೇಲು. ಬೆಂಗಳೂರಿನ ನಿಲ್ದಾಣದಲ್ಲಿ 2019ರಲ್ಲಿ ಮಹಿಳೆಯರೇ ಓಡಿಸುವ ಗುಲಾಬಿ ಟ್ಯಾಕ್ಸಿ ಶುರುವಾದಾಗಲೂ ಕಿಲೋಮೀಟರಿಗೆ ಹಗಲು ಇಷ್ಟು, ರಾತ್ರಿ ಇಷ್ಟು ಎಂದು ಮೊದಲ ದಿನವೇ ಪ್ರಕಟಿಸಿದ್ದರು. ದೇವನಹಳ್ಳಿಯಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಓಡಿಸುತ್ತದೆ. ಸೋಗಾನೆಗೆ ಬಂದಿಳಿಯುವ ವಿಮಾನದ ವೇಳೆಗೆ ಹೊಂದಿಸಿ ಸಾಗರಕ್ಕೊಂದು, ತೀರ್ಥಹಳ್ಳಿಗೊಂದು ಬಸ್ ಬಿಟ್ಟರೆ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ. ಸಾಗರದಿಂದ ಮುಂದಿನ ದಾರಿಗೆ ಊರಿನ ಕಾರುಗಳೇ ಸಾಕು. ವಾಪಸ್ ಖಾಲಿ ಓಡುವ ದೂರವೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಡ್ರೈವರಿಗೂ ಗಿಟ್ಟುತ್ತದೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನೂರಾರು ಕೋಟಿಯೂ ಬೇಕಿಲ್ಲ. ಜಿಲ್ಲೆಯಲ್ಲಿ ಆಟೊ ದರ ಗೊತ್ತುಪಡಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಸಭೆಗೇ ಟ್ಯಾಕ್ಸಿ ಮಾಲೀಕರನ್ನೂ ಚಾಲಕರನ್ನೂ ಕರೆದು, ಖಾಲಿ ವಾಪಸ್ ದಾರಿಗೆ ಎಷ್ಟು ಪಾಲು ಎಂದು ಮಾತಾಡಿ ಮುಗಿಸಲಿ. ಸೋಗಾನೆಯ ಹೊರಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡದೊಂದು ಬೋರ್ಡ್ ಇರಲಿ. ಅದರಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕೆಳಗೆ ತುಮರಿಯ ಹೆಸರೂ ಇರಲಿ. ಅದರ ಎದುರಿಗೆ ಕಿಲೋಮೀಟರ್, ಹಗಲು ದರ, ರಾತ್ರಿ ದರ, ದೂರು ಹೇಳುವ ನಂಬರ್. ಸಂಕ್ರಾಂತಿಗೆ ಸಿಗಂದೂರು ಜಾತ್ರೆ. ಅಷ್ಟರೊಳಗೆ ಆ ಬೋರ್ಡ್ ಏರಲಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.